ಗುಲಾಬಿ ಗುಳ್ಳೆ ಒಡೆಯುವ ಮೊದಲು

ಗುಲಾಬಿ ಬೆಳಕು ಮೇಲಿನಿಂದ ಸುರಿಯುತ್ತಿದೆ, ಮಡಿಲಲ್ಲಿರುವ ನನ್ನ ಕೈಗಳೂ ಗುಲಾಬಿ, ಪಕ್ಕದ ಕುರ್ಚಿಯ ಮೇಲಿಟ್ಟ ಚೀಲವೂ ಗುಲಾಬಿ — ಅದು ಉದ್ದಕ್ಕನಿಗೆಂದು ಹಿಡಿದಿಟ್ಟ ಕುರ್ಚಿ, ಎತ್ತರದವಳೆಂದು ಉದ್ದಕ್ಕ, ಒಡಹುಟ್ಟಿದವಳೇನಲ್ಲ, ಹೋಟೆಲಿನ ಲಾಂಡ್ರಿಯಲ್ಲಿ ನನ್ನೆದುರು ನಿಂತು ಬೆಡ್‌ಶೀಟು ಮಡಚಿದವಳು, ಎರಡು ಮೂಲೆ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ, ಹಾಗೇ ಇಬ್ಬರ ತಲೆಯೂ ನೆರೆಯಿತು, ಅವಳು ಬರುತ್ತಾಳೋ ಇಲ್ಲವೋ, ಬರದಿದ್ದರೆ ನಾನಾದರೂ ಇಲ್ಲೇಕೆ ಕೂತಿದ್ದೇನೆ, ವೇದಿಕೆಯ ಮೇಲೆ ಹಾಡುತ್ತಿರುವವರು ನಮ್ಮ ಬಬಲ್‌ಗಮ್ ಹುಡುಗಿಯರು, ಹುಡುಗಿಯರೇನು ಬಂತು, ಮೂವರಿಗೂ ಸೊಂಟ ದಪ್ಪಗಾಗಿದೆ, ಹಳದಿ ಕೂದಲಿನವಳು ಬಗ್ಗಿ ಏಳುವಾಗ ತೊಡೆಯ ಮೇಲೆ ಕೈಯೂರುತ್ತಾಳೆ, ಆದರೂ ಕೆನ್ನೆಯಲ್ಲಿ ಅದೇ ಮಿರುಗು, ಅದೇ ಪಾಕ ಬಂದ ಸಕ್ಕರೆಯಂಥ ದನಿ, ಲಾಂಡ್ರಿಯಲ್ಲಿ ದಿನಾ ಕೇಳಿದ ನಮ್ಮ ಹಾಡು ಇನ್ನೂ ಶುರುವಾಗಿಲ್ಲ, ಬೆಳಿಗ್ಗೆ ಎರಡು ಟಿಕೆಟು ಹಿಡಿದು ಉದ್ದಕ್ಕನ ಮನೆಗೆ ಓಡಿದ್ದೆ, ಏಳಕ್ಕಾ, ನಮ್ಮ ಹುಡುಗೀರು ಬಂದಿದಾರೆ, ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ತಲೆಯೆತ್ತಿ, ಅಯ್ಯೋ ನಿನ್ನ, ನಂಗೆ ಆ ಹಾಡು ಯಾವತ್ತೂ ಹಿಡಿಸ್ಲಿಲ್ಲ ಕಣೇ, ನಿಂಗಿಷ್ಟ ಅಂತ ಸಹಿಸ್ಕೊಂಡಿದ್ದೆ ಅಷ್ಟೇ, ಎಂದಳು.

ನಂಗಿಷ್ಟವಾ? ನಿಂಗಿಷ್ಟ ಅಂತ ಅಲ್ವೇನಕ್ಕಾ ದಿನಾ ಹಾಕಿಸ್ತಿದ್ದಿದ್ದು, ನಿನ್ನ ಕಾಲು ತಾಳ ಹಾಕ್ತಿತ್ತಲ್ಲ, ನಾನೇ ನೋಡಿದೀನಲ್ಲ — ಯಾವ ತಾಳವೇ ತಾಯಿ, ನಿಂತೂ ನಿಂತೂ ಪಾದ ಜೋಮು ಹಿಡೀತಿತ್ತು, ನೆಲಕ್ಕೆ ಕುಟ್ತಿದ್ದೆ, ಎಂದು ನಕ್ಕುಬಿಟ್ಟಳು, ನನಗೆ ನಗು ಬರಲಿಲ್ಲ, ಅವಳ ಟಿಕೆಟನ್ನು ಎಣ್ಣೆ ಬಾಟಲಿಯ ಪಕ್ಕ ಇಟ್ಟು ಬಂದೆ, ಹೌದು, ನಾನು ನೋಡಿದ್ದು ಪಾದವನ್ನು ಮಾತ್ರ, ಬೆಡ್‌ಶೀಟು ಎತ್ತಿ ಹಿಡಿದರೆ ಎದುರಿನವಳ ಮುಖವೇ ಕಾಣುವುದಿಲ್ಲ, ಬಿಳಿ ಬಟ್ಟೆ, ಅದರ ಕೆಳಗೆ ಸವೆದ ಚಪ್ಪಲಿಯ ಪಾದ, ಏಳುತ್ತದೆ, ಬೀಳುತ್ತದೆ, ಇಸ್ತ್ರಿಯವನು ಪುಟ್ಟ ಟೀವಿಯಲ್ಲಿ ಕ್ಯಾಸೆಟ್ಟು ಹಾಕಿದ ಮೊದಲ ದಿನ ಆ ಹಾಡು ನನ್ನ ಕಿವಿಗೆ ಬರೀ ಗಲಾಟೆ, ನಿಲ್ಲಿಸಯ್ಯಾ ಎಂದು ಅವನಿಗೆ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಆ ಪಾದ ಕಂಡಿತು, ಪಾಪ, ಅವಳಾದರೂ ಖುಷಿಯಾಗಿರಲಿ, ಇನ್ನೊಂದ್ಸಲ ಹಾಕಯ್ಯಾ ಎಂದುಬಿಟ್ಟೆ, ಯಾವ ದೇಶದ ಭಾಷೆಯೋ, ಅರ್ಥ ಏನಯ್ಯಾ ಅಂದರೆ ಅವನು, ಅರ್ಥ ಕಟ್ಕೊಂಡು ಏನ್ಮಾಡ್ತೀರಮ್ಮ, ಹಾಡೋರಿಗೇ ಗೊತ್ತಿದೆಯೋ ಇಲ್ವೋ, ಆದರೆ ಆ ಒಂದು ಜಾಗ, ಪಲ್ಲವಿಗೆ ಮೊದಲು ಮೂವರೂ ಗಪ್ಪನೆ ನಿಲ್ಲುತ್ತಾರೆ, ವಾದ್ಯವೂ ಇಲ್ಲ, ಉಸಿರೂ ಇಲ್ಲ, ಬಾಯಲ್ಲಿ ಗಮ್ಮಿನ ಗುಲಾಬಿ ಗುಳ್ಳೆ ಉಬ್ಬುತ್ತದೆ, ಟಪ್, ಒಡೆದ ಕೂಡಲೇ ಡ್ರಮ್ಮು, ಸರಿಯಾಗಿ ಆಗಲೇ ನಾವಿಬ್ಬರೂ ಬಟ್ಟೆಯನ್ನು ಜಾಡಿಸುವುದು, ಪಟ್ ಎಂದು, ಒಂದು ಸುಕ್ಕೂ ಉಳಿಯದ ಹಾಗೆ, ಆಮೇಲೆ ಹೆಜ್ಜೆ ಹಾಕಿ ನಡುವೆ ಸೇರುವುದು, ಬೆರಳಿಗೆ ಬೆರಳು ತಾಗಿಸಿ ಮೂಲೆ ಒಪ್ಪಿಸುವುದು, ಅವಳಿಗೆ ಹಾಡು ಹಿಡಿಸದಿದ್ದರೆ ಊಟದ ಡಬ್ಬಿ ಮುಚ್ಚಿಟ್ಟು, ಹಳದಿಯವಳೇ ಗಟ್ಟಿಗಿತ್ತಿ, ನಿನ್ನ ಗುಲಾಬಿ ಕೂದಲಿನವಳು ಬರೀ ಬಳುಕ್ತಾಳೆ ಎಂದು ನನ್ನ ಜೊತೆ ಜಗಳಕ್ಕೆ ನಿಂತವಳು ಯಾರು, ಅದೂ ನನ್ನ ಸಂತೋಷಕ್ಕೋ, ಹಾಗಾದರೆ ಇಷ್ಟಪಟ್ಟವರು ಯಾರು, ಅವಳಲ್ಲ, ನಾನು ಅವಳಿಗೋಸ್ಕರ, ಅವಳು ನನಗೋಸ್ಕರ, ನಡುವೆ ಹಾಡು ಯಾರ ಕೈಯಲ್ಲಿತ್ತು — ಅಜ್ಜೀ, ಇಲ್ಲಿ ಯಾರಾದ್ರೂ ಬರ್ತಾರಾ, ನಿಂತೂ ನಿಂತೂ ಕಾಲು ಹೋಯ್ತು, ಎನ್ನುತ್ತಿದ್ದಾಳೆ ಕುರ್ಚಿಯ ಪಕ್ಕ ನಿಂತ, ಕಿವಿಗೆ ಹಳದಿ ಲೋಲಾಕು ಹಾಕಿದ ಹುಡುಗಿ, ಚೀಲದ ಮೇಲೆ ನನ್ನ ಕೈ, ಎತ್ತಿಬಿಡಲೇ, ಎತ್ತಿದರೆ ಅಕ್ಕ ಹೇಳಿದ್ದೇ ನಿಜವಾಗಿಬಿಡುತ್ತದೆ, ಎತ್ತದಿದ್ದರೆ ಪಾಪ ಈ ಮಗು, ಅಷ್ಟರಲ್ಲಿ ಅಯ್ಯೋ ಶುರುವಾಯಿತು, ಅದೇ, ಅದೇ ಹಾಡು, ಸುತ್ತ ಎಲ್ಲರೂ ಕಿರುಚುತ್ತಿದ್ದಾರೆ, ಬಾಗಿಲ ಕಡೆ ನೋಡುತ್ತೇನೆ, ಯಾರೂ ಇಲ್ಲ, ಮೂವರೂ ಗಪ್ಪನೆ ನಿಂತರು, ಗುಳ್ಳೆ ಉಬ್ಬುತ್ತಿದೆ, ನನ್ನ ಕೈಗಳು ಚೀಲ ಬಿಟ್ಟು ತಾವಾಗಿ ಮೇಲೆದ್ದಿವೆ, ಎರಡು ಮೂಲೆ ಹಿಡಿದ ಹಾಗೆ, ಬರ್ತಾಳೆ ಕಣಮ್ಮಾ ಎಂದೆನೋ, ಕೂತ್ಕೋ ಮಗಾ ಎಂದೆನೋ, ಕೆಳಗೆ ನೋಡಿದರೆ ನನ್ನ ಕಾಲು ನೆಲಕ್ಕೆ ಕುಟ್ಟುತ್ತಿದೆ, ಜೋಮೋ, ತಾಳವೋ, ನನ್ನದೇ ಕಾಲು, ನನಗೇ ತಿಳಿಯದು, ಕಣ್ಣೆದುರು ಮತ್ತೆ ಬಿಳಿ ಬಟ್ಟೆಯ ಕೆಳಗೆ ಅಕ್ಕನ ಆ ಪಾದ, ಏಳುತ್ತದೆ, ಬೀಳುತ್ತದೆ, ಆ ಪಾದ —