ಮಣಿ ಕಟ್ಟಿದ ಕಾರ್ಡು

ಕೋರ್ಟಿಗೆ ಕೊರಳಲ್ಲಿ ಕಟ್ಟುವ ಬಿಳಿ ಬ್ಯಾಂಡಿನ ಒಂದು ಪಟ್ಟಿಗೆ ಇಸ್ತ್ರಿ ಆಗಿತ್ತು. ಇನ್ನೊಂದಕ್ಕೆ ವಕೀಲೆ ಸುಕನ್ಯ ಗಂಜಿನೀರು ಚಿಮುಕಿಸುತ್ತಿದ್ದಾಗ ಗಂಡ ಬೆಟ್ಟಸ್ವಾಮಿ ಚಪ್ಪಲಿ ಮೆಟ್ಟುತ್ತ ಹೇಳಿದ: “ಆ ಹಾಡಿ ಹೆಂಗಸಿಗೆ ತಪ್ಪು ಒಪ್ಕೊಳ್ಳೋಕೆ ಹೇಳು. ದಂಡ ಹಾಕಿ ಬಿಡ್ತಾರೆ. ಬ್ಯಾಂಕಿನವರನ್ನ ಎದುರು ಹಾಕ್ಕೊಂಡು ಹುಣಸೂರಲ್ಲಿ ವಕೀಲಿಕೆ ಮಾಡಕ್ಕಾಗುತ್ತಾ?”

ಅವಳು ಇಸ್ತ್ರಿ ಒತ್ತಿದಳು.

ಆ ಹೆಂಗಸು ನಿಂಗಿ. ಕಾಡಂಚಿನ ಬುಡಕಟ್ಟಿನ ಕೇರಿಯಾದ ಹಾಡಿಯವರು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದಾಗ ಕಾಲೆಳೆದು ನಡೆಯುವ ನಿಂಗಿ ಅವರ ಮಕ್ಕಳನ್ನು ನೋಡಿಕೊಂಡು ಉಳಿಯುತ್ತಾಳೆ. ಮಕ್ಕಳ ಖರ್ಚಿಗೆ ಹಣ ತೆಗೆಯಲೆಂದು ಹೆಂಗಸರು ಎಟಿಎಂ ಕಾರ್ಡನ್ನು ಅವಳ ಕೈಗಿತ್ತು, ನಂಬರನ್ನು ಕಿವಿಯಲ್ಲಿ ಹೇಳಿ ಬಸ್ಸು ಹತ್ತುತ್ತಾರೆ. ಯಾವುದು ಯಾರದೆಂದು ತಿಳಿಯಲು ನಿಂಗಿ ಕಾದ ಸೂಜಿಯಿಂದ ಕಾರ್ಡಿನ ಮೂಲೆಗೆ ತೂತು ಮಾಡಿ, ಒಡತಿಯ ಸರದ ಒಂದು ಮಣಿ ಕಟ್ಟುತ್ತಿದ್ದಳು. ಆ ತೂತುಗಳೇ ಅವಳನ್ನು ಹಿಡಿದುಕೊಟ್ಟವು. ಕಾರ್ಡುಗಳನ್ನು ಕದ್ದು ತಿದ್ದಿದ್ದಾಳೆ ಎಂದು ಬ್ಯಾಂಕ್ ಮ್ಯಾನೇಜರ್ ವೀರಭದ್ರಸ್ವಾಮಿ ದೂರು ಕೊಟ್ಟಿದ್ದರು.

ಒಪ್ಪಿಕೊಳ್ಳುವ ದಾರಿಯೂ ಇದೆ ಎಂದು ಸುಕನ್ಯ ಕೋರ್ಟಿನ ಜಗಲಿಯಲ್ಲಿ ನಿಂಗಿಗೆ ತಿಳಿಸಿದಳು.

“ಒಪ್ಕಂಡ್ರೆ ಕಳ್ಳಿ ಆಯ್ತೀನಿ ಕಣವ್ವ. ಆಮೇಲೆ ಯಾರ್ ನನ್ ಕೈಗೆ ಕಾರ್ಡ್ ಕೊಟ್ಟಾರು? ಜೈಲಿಗ್ ಬೇಕಾರೂ ಓಯ್ತೀನಿ, ಒಪ್ಕಳಕಿಲ್ಲ ಬುಡು.”

ಕಟಕಟೆಯಲ್ಲಿ ಮ್ಯಾನೇಜರ್ ಹೇಳಿದರು, “ಒಬ್ಬರ ಕಾರ್ಡನ್ನು ಇನ್ನೊಬ್ಬರು ಬಳಸುವಂತಿಲ್ಲ.”

“ನಿಮ್ಮ ಹೆಂಡತಿಯ ಕಾರ್ಡು ಈಗ ಎಲ್ಲಿದೆ?” ಎಂದಳು ಸುಕನ್ಯ.

ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರ್ಕಾರಿ ವಕೀಲರು ಆಕ್ಷೇಪಿಸಿದರು.

“ನಿಯಮ ಮುರಿದಿರಬಹುದು, ಸ್ವಾಮಿ. ಮೋಸ ಅನ್ನಬೇಕಾದರೆ ಮೋಸ ಹೋದವರು ಒಬ್ಬರಾದರೂ ಬೇಕಲ್ಲ?” ಎಂದು ಸುಕನ್ಯ ನ್ಯಾಯಾಧೀಶರತ್ತ ತಿರುಗಿದಳು.

ಆಮೇಲೆ ಕಾರ್ಡಿನ ಒಡತಿಯರಲ್ಲಿ ಒಬ್ಬಳಾದ ಪುಟ್ಟಸಿದ್ದಮ್ಮನನ್ನು ಕರೆಸಿದಳು. ಇವಳು ಕದ್ದಳೇ ಎಂದು ಸರ್ಕಾರಿ ವಕೀಲರು ಕೇಳಿದಾಗ ಪುಟ್ಟಸಿದ್ದಮ್ಮ ಕೊರಳ ಸರ ಎತ್ತಿ ತೋರಿಸಿದಳು.

“ಈ ಸರದ ಮಣಿ ನಾನೇ ಬಿಚ್ಕೊಟ್ಟಿದ್ದು. ಕಳ್ಳಿಗೆ ಯಾರಾರ ಮಣಿ ಕೊಟ್ಟಾರಾ, ಬುದ್ದಿ?”

ತೀರ್ಪನ್ನು ಸೋಮವಾರಕ್ಕೆ ಇಟ್ಟರು. ಹಳೆಯ ಕಾರ್ಡುಗಳು ಕೋರ್ಟಿನ ವಶದಲ್ಲಿದ್ದವು. ಪುಟ್ಟಸಿದ್ದಮ್ಮ ಹೊರಗೆ ಬಂದವಳೇ ಬ್ಯಾಂಕು ಕೊಟ್ಟ ಹೊಸ ಕಾರ್ಡನ್ನು ಸೆರಗಿನ ಗಂಟಿನಿಂದ ತೆಗೆದು ನಿಂಗಿಯ ಕೈಗಿಟ್ಟಳು.

“ತೀರ್ಪು ಬರ್ಲಿ ಇರಮ್ಮಿ,” ಎಂದಳು ನಿಂಗಿ.

“ನನ್ ತೀರ್ಪು ಬಂದಾಯ್ತಲ್ಲ, ಇಡ್ಕೊ.”

ನಿಂಗಿ ಸುಕನ್ಯಳತ್ತ ತಿರುಗಿದಳು. “ಇದ್ಕೂ ತೂತ್ ಮಾಡ್ಲಾ, ವಕೀಲಮ್ಮ?”

“ಮಾಡು.”

ಅವರು ಬಸ್ ನಿಲ್ದಾಣದತ್ತ ನಡೆದರು. ಸುಕನ್ಯ ಬ್ಯಾಂಡು ಬಿಚ್ಚಿ ಮಡಿಸುತ್ತ ನಿಂತಳು. ತನ್ನ ಕಾರ್ಡು ಮದುವೆಯಾದ ವರ್ಷದಿಂದ ಬೆಟ್ಟಸ್ವಾಮಿಯ ಪರ್ಸಿನಲ್ಲಿತ್ತು. ನಿನಗ್ಯಾಕೆ ಆ ತಲೆನೋವು ಎಂದು ಅವನೇ ಇಟ್ಟುಕೊಂಡಿದ್ದ. ತಾನಾಗಿ ಕೊಟ್ಟ ನೆನಪು ಅವಳಿಗಿರಲಿಲ್ಲ.

ಮೊಬೈಲ್ ಅದುರಿತು. “ಒಪ್ಕೊಂಡಳಾ?” ಎಂದ ಬೆಟ್ಟಸ್ವಾಮಿ.

“ಇಲ್ಲ.”

ನಾಳೆ ಕೋರ್ಟಿಗೆ ಹೋಗುವ ಮುಂಚೆ, ತನ್ನ ಖಾತೆಯೂ ಇರುವ ವೀರಭದ್ರಸ್ವಾಮಿಯ ಬ್ಯಾಂಕಿಗೇ ಹೋಗುವುದು; ತನ್ನ ಹಳೆಯ ಕಾರ್ಡನ್ನು ರದ್ದು ಮಾಡಿಸಿ ಹೊಸದನ್ನು ಮಾಡಿಸುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು. ರಾತ್ರಿ ಊಟಕ್ಕೆ ಏನು ಮಾಡಲಿ ಎಂದಷ್ಟೇ ಗಂಡನನ್ನು ಕೇಳಿದಳು.