ಹಿಂದೆಯೇ ಹೊರಟ ಮಾತು

ನಮ್ಮ ನಿಯಂತ್ರಣ ಕೊಠಡಿಯಲ್ಲಿ ಅಕ್ಕಪಕ್ಕ ಎರಡು ಮೇಜುಗಳಿವೆ. ಒಂದು ತಾಲೀಮಿಗೆ, ಇನ್ನೊಂದು ನಿಜಕ್ಕೆ. ನೋಡಲು ಅವಳಿ ಜವಳಿ. ತಾಲೀಮು ನಡೆಯುವಾಗ ನಿಜದ ಮೇಜಿಗೆ ಹಳದಿ ಟವೆಲ್ ಹೊದಿಸಬೇಕೆಂಬುದು ದೊಡ್ಡಮ್ಮ ಮಾಡಿದ ಕಟ್ಟಳೆ. ಕೋಟ್ಯಂತರ ಕಿಲೋಮೀಟರ್ ದೂರದ ಬಾಹ್ಯಾಕಾಶ ನೌಕೆಗೆ ಟವೆಲ್ ಕಾವಲು ಎಂದು ನಾವು ನಗುತ್ತಿದ್ದೆವು.

ದೊಡ್ಡಮ್ಮ ಅಂದರೆ ನಮ್ಮ ಹಿರಿಯ ಇಂಜಿನಿಯರ್. ಆ ನೌಕೆಯನ್ನು ಮೊದಲ ತಿರುಪಿನಿಂದ ಕಟ್ಟಿದವರು, ಅದನ್ನು ಪುಟ್ಟಿ ಎಂದು ಕರೆದವರು. ಮಕ್ಕಳಿಲ್ಲದ ಅವರಿಗೆ ಅದೇ ಮಗಳು.

ಅವತ್ತು ತಾಲೀಮಿನ ನಡುವೆ ಚಹಾ ಚೆಲ್ಲಿತು. ದೊಡ್ಡಮ್ಮ ಟವೆಲ್ ಎಳೆದುಕೊಂಡು ನೆಲ ಒರೆಸಿದರು, ಮಾತಾಡುತ್ತಲೇ ಅದನ್ನು ಪಕ್ಕದ ಮೇಜಿಗೆ ಹೊದಿಸಿದರು. ಖಾಲಿ ಇದ್ದ ಮೇಜಿನ ಮುಂದೆ ಕೂತು ತಾಲೀಮಿನ ಆದೇಶ ಕಳಿಸಿದರು: ಆಂಟೆನಾ ಭೂಮಿಯಿಂದ ಆಚೆ ತಿರುಗಿಸು.

"ಟವೆಲ್ ಯಾಕೆ ಆ ಕಡೆ ಇದೆ?" ಎಂದೆ ನಾನು.

ದೊಡ್ಡಮ್ಮ ಕೂತಿದ್ದು ನಿಜದ ಮೇಜಿನ ಮುಂದೆ. ತಕ್ಷಣ ರದ್ದು ಮಾಡುವ ಆದೇಶ ಕಳಿಸಿದರು. ಏನು ಪ್ರಯೋಜನ? ತಪ್ಪು ಮಾತು ಮುಂದೆ, ಸರಿ ಮಾತು ಹಿಂದೆ, ಎರಡಕ್ಕೂ ಬೆಳಕಿನದೇ ವೇಗ. ಎರಡನೆಯದು ತಲುಪುವಷ್ಟರಲ್ಲಿ ಪುಟ್ಟಿಯ ಕಿವಿ ಆಚೆ ತಿರುಗಿರುತ್ತದೆ. ಬದಲಿ ಕಿವಿ ಕೆಟ್ಟು ವರ್ಷವಾಗಿತ್ತು.

ಮೇಲಧಿಕಾರಿ ಓಡಿ ಬಂದರು. "ತಲುಪೋಕೆ ಮುಕ್ಕಾಲು ಗಂಟೆ ಇದೆಯಲ್ಲ, ಅಷ್ಟರಲ್ಲಿ ಏನಾದ್ರೂ ಮಾಡಿ!"

"ಬೆಳಕನ್ನ ಅಟ್ಟಿಸ್ಕೊಂಡು ಹೋಗೋಕೆ ನಿಮ್ಮ ಕಾರು ಕೊಡ್ತೀರಾ ಸಾರ್?" ಎಂದುಬಿಟ್ಟೆ. ನನಗೆ ಅಳು ಬಂದಾಗ ಬಾಯಿ ಹೀಗೇ ಆಡುತ್ತದೆ.

ಕೈಕಟ್ಟಿ ಕೂತೆವು. ಮುಕ್ಕಾಲು ಗಂಟೆ ಕಳೆಯಿತು. ಪರದೆಯಲ್ಲಿ ಪುಟ್ಟಿ ಮಾತಾಡುತ್ತಲೇ ಇದ್ದಳು: ಮೈ ಬಿಸಿ ಸರಿಯಿದೆ, ಬ್ಯಾಟರಿ ಸರಿಯಿದೆ.

"ನೋಡು, ಚೆನ್ನಾಗೇ ಇದಾಳೆ," ಎಂದರು ದೊಡ್ಡಮ್ಮ.

ಅದೆಲ್ಲ ಪುಟ್ಟಿ ಮುಂಚೆಯೇ ಹೇಳಿ ಕಳಿಸಿದ ಮಾತು. ಅಲ್ಲಿ ಆಗುವುದು ಆಗಿಹೋಗಿತ್ತು, ಸುದ್ದಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಇದನ್ನೆಲ್ಲ ನನಗೆ ಕಲಿಸಿದವರೇ ದೊಡ್ಡಮ್ಮ. ಅವರಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಪರದೆಯ ಮೇಲೆ ಕೈಯಿಟ್ಟುಕೊಂಡಿದ್ದರು. ನೋಡಲಾಗದೆ ನಾನು ಆ ಹಾಳು ಟವೆಲ್ಲನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

ಇನ್ನೊಂದು ಮುಕ್ಕಾಲು ಗಂಟೆಗೆ ಕೊನೆಯ ಸಾಲು ಬಂತು: ಆದೇಶ ಸಿಕ್ಕಿದೆ, ತಿರುಗುತ್ತಿದ್ದೇನೆ.

ಆಮೇಲೆ ಬರೀ ಗೊರಗೊರ ಸದ್ದು. ಮೇಲಧಿಕಾರಿ ಹೊರಗೆ ಹೋದರು. ದೊಡ್ಡಮ್ಮ ಪರದೆಯಿಂದ ಕೈ ತೆಗೆಯಲಿಲ್ಲ.

"ಒಂದೇ ಒಂದು ಸಲ ನನ್ನ ಮಾತು ಮೀರಬಾರದಿತ್ತಾ, ಪುಟ್ಟೀ?"