ಮೇಲಿನವನಿಗೆ ಒಪ್ಪಿಸಿದ್ದು

ಕುಡಿತ ಬಿಡುವವರ ಕೂಟ ನಡೆಯುವುದು ಶಾಲೆಯ ಕೊಠಡಿಯಲ್ಲಿ. ಮಕ್ಕಳ ಬೆಂಚಿನ ಮೇಲೆ ವೆಲ್ಡರ್ ಮಂಡಿ ಮಡಚಿ ಕೂತಿದ್ದ. ಕುಡಿಯದೆ ನಲವತ್ತೊಂದು ದಿನ. ಕುಡಿತ ಬಿಡಲು ಕೂಟ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲಲ್ಲಿ ಮೊದಲನೆಯದನ್ನು ಹತ್ತಿದ್ದೇ ಹತ್ತಿದ್ದು, ಮುಂದಿನದಕ್ಕೆಲ್ಲ ಅವನು ನಂಬದ ದೇವರು ಅಡ್ಡ ಬರುತ್ತಿದ್ದ.

"ಹಟ ಬಿಡಪ್ಪ. ಮೇಲಿನವನಿಗೆ ನಿನ್ನನ್ನ ಒಪ್ಪಿಸಿಬಿಡು," ಎಂದ ಕೂಟದ ಹಿರಿಯ, ನಿವೃತ್ತ ಕಂಡಕ್ಟರ್.

"ನಮ್ಮನೆ ಮೇಲಿರೋನು ನನ್ನ ಹೆಂಡ್ತಿಯ ಅಣ್ಣ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಂಡಕ್ಟರ್ ನಗಲಿಲ್ಲ. "ಅವನಾದ್ರೂ ಆಗ್ಲಿ. ನಿನ್ನ ಹಿಡಿದು ನಿಲ್ಲಿಸೋನು ಒಬ್ಬ ಬೇಕು."

ಮರುದಿನ ಸಂಜೆ ಕೆಲಸ ಬಿಟ್ಟಾಗ ವೆಲ್ಡರನ ನಾಲಿಗೆ ಒಣಗಿತು, ಕಾಲು ತಾನಾಗಿ ಬಾರಿನ ಕಡೆ ತಿರುಗಿತು. ಬಾಯಲ್ಲಿ ಇನ್ನೊಮ್ಮೆ ವಾಸನೆ ಬಂದರೆ ಮನೆ ಬಿಡುತ್ತೇನೆಂದು ಹೆಂಡತಿ ಹೇಳಿದ್ದಳು. ಅವಳು ಹೇಳಿದರೆ ಹೇಳಿದಂತೆಯೇ. ಅವನು ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ತನ್ನ ಬಾಗಿಲು ದಾಟಿ, ಮಹಡಿ ಹತ್ತಿದ.

"ಭಾವ, ನನ್ನನ್ನ ನಿಮಗೆ ಒಪ್ಪಿಸ್ತಿದ್ದೀನಿ. ಏನಾದ್ರೂ ಮಾಡಿ."

ಭಾವ ಅಡಿಯಿಂದ ಮುಡಿಯವರೆಗೆ ನೋಡಿದ. ವರ್ಷದ ಹಿಂದೆ ಇದೇ ವೆಲ್ಡರ್ ಅಮಲಿನಲ್ಲಿ ಸುತ್ತಿಗೆ ಬೀಸಿ ಅವನ ದವಡೆ ಮುರಿದಿದ್ದ. ಇವತ್ತಿಗೂ ಭಾವ ಒಂದೇ ಮಗ್ಗುಲಲ್ಲಿ ಅಗಿಯುತ್ತಾನೆ. ದೇವರೇ ಬೇಡವೆಂದ ಜಾಣ ಹುಡುಕಿ ಹುಡುಕಿ ಹಿಡಿದದ್ದು ಇವನನ್ನು!

ಭಾವನ ಮೊದಲ ಗುದ್ದು ಕಿವಿಗೆ, ಎರಡನೆಯದು ಹೊಟ್ಟೆಗೆ. ಬಿದ್ದವನ ಪಕ್ಕೆಗೆ ಒದ್ದು, ಕೂದಲು ಹಿಡಿದೆತ್ತಿ, ತಲೆಯನ್ನು ಗೋಡೆಗೆ ಅಪ್ಪಳಿಸಿದ. ವೆಲ್ಡರನದು ಕಬ್ಬಿಣ ಎತ್ತುವ ಕೈ. ಅದನ್ನು ಅವನು ಎತ್ತಲಿಲ್ಲ.

"ತಿರುಗಿಸಿ ಹೊಡಿಯೋ!"

"ಒಪ್ಪಿಸಿದ್ದೀನಲ್ಲ."

"ಹೌದಾ? ಹಾಗಾದ್ರೆ ಹೇಳಿದ್ದು ಕೇಳು." ಭಾವ ಕಪಾಟಿನಿಂದ ಬಾಟಲಿ ತೆಗೆದ. "ಕುಡಿ."

ವಾಸನೆಗೇ ವೆಲ್ಡರನ ಮೈಯೆಲ್ಲ ಬಾಯಾಯಿತು. ಆಸೆಯಾಯಿತು, ಸುಳ್ಳೇಕೆ? ಆದರೂ ಹಲ್ಲು ಕಚ್ಚಿದ. ಭಾವ ಎದೆಯ ಮೇಲೆ ಕೂತು ಬಾಟಲಿಯನ್ನು ಹಲ್ಲಿಗೆ ಕುಟ್ಟಿದ. ಹಲ್ಲೊಂದು ಮುರಿಯಿತು. ಸಂದಿಯಲ್ಲಿ ನುಗ್ಗಿದ್ದನ್ನು ವೆಲ್ಡರ್ ರಕ್ತದ ಸಮೇತ ಅವನ ಮುಖಕ್ಕೇ ಉಗಿದ.

"ನಿಮ್ಮನ್ನೂ ನಂಬಲ್ಲ ಭಾವ," ಎಂದು ಅವನನ್ನು ಪಕ್ಕಕ್ಕೆ ಉರುಳಿಸಿ, ಗೋಡೆ ಹಿಡಿದು ಇಳಿದ.

ಕೆಳಗೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅಂಗಿಯೆಲ್ಲ ರಕ್ತ, ಗಬ್ಬೆಂದು ಸಾರಾಯಿ ನಾತ. ಅವಳ ಮುಖ ಕಪ್ಪಿಟ್ಟಿತು.

"ಕುಡಿದ್ರಾ?"

"ಇಲ್ಲ. ನಿಮ್ಮಣ್ಣ ಬಾಯಿಗೆ ಸುರಿದ, ಉಗಿದೆ."

"ದೇವರಾಣೆ ಹೇಳಿ."

ಕುಡಿಯುತ್ತಿದ್ದಾಗ ಅವನು ಕುಡಿದಿಲ್ಲವೆಂದು ದಿನಕ್ಕೊಂದು ದೇವರ ಮೇಲೆ ಆಣೆ ಹಾಕುತ್ತಿದ್ದ. ನಂಬದವನಿಗೆ ಆಣೆಗೇನು ಬರಗಾಲ? ಈಗ ತಲೆ ಅಲ್ಲಾಡಿಸಿದ.

"ಆಣೆ ಗೀಣೆ ಹಾಕಲ್ಲ ಕಣೇ. ಕುಡಿದಿಲ್ಲ, ಅಷ್ಟೇ."

ಅವಳು ಅವನ ಮುಖವನ್ನೇ ನೋಡಿದಳು. ಹದಿನಾರು ವರ್ಷದ ಸಂಸಾರದಲ್ಲಿ ಆಣೆಯಿಲ್ಲದೆ ಅವನು ಕುಡಿದಿಲ್ಲವೆಂದದ್ದು ಇದೇ ಮೊದಲು.

"ಬಾಯಿ ತೆಗೀರಿ, ಎಷ್ಟು ಮುರಿದಿದೆ ನೋಡ್ತೀನಿ," ಎಂದಳು.